ಸಿನಿಮಾದ ಕಲ್ಲಿದ್ದಲು ರೈಲು ಓಡುವುದು ಹೇಗೆ? ಅರಸಾಳಿಗೆ ಅದು ಮತ್ತೆ ಬರುವುದು ಯಾಕೆ ಕಷ್ಟ?

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಕುಂಸಿ ದಾಟಿ ಕಾಡು ಹೊಕ್ಕ ಮೇಲೆ ಅರಸಾಳು ನಿಲ್ದಾಣ ಸಿಗುತ್ತದೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಬಂದಾಗ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಇದೇ. ಊರಿನ ದೃಶ್ಯಗಳು ಬಹುಪಾಲು ಆಗುಂಬೆಯವು. ಅರಸಾಳಿನ ಹಳೇ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ ಮೇಲೆ ಅಲ್ಲಿಗೆ ಹೋಗುವವರು ಜಾಸ್ತಿಯಾಗಿದ್ದಾರೆ. ಹಳೇ ಬೋಗಿಯೊಂದರಲ್ಲಿ ‘ಮಾಲ್ಗುಡಿ ಚಾಯ್’ ಅಂತ ಚಹಾದ ಅಂಗಡಿಯೂ ಇದೆ.

ಹೋದವರೆಲ್ಲ ಒಂದು ಮಾತು ಕೇಳಿಯೇ ಕೇಳುತ್ತಾರೆ. ಸೀರಿಯಲ್‌ನಲ್ಲಿದ್ದ ಆ ಹೊಗೆ ಬಿಡೋ ರೈಲು ಎಲ್ಲಿ? ಒಂದು ದಿನಕ್ಕಾದರೂ ತಂದು ಇಲ್ಲಿ ಓಡಿಸಬಾರದಾ? ಹಳೇ ಕಾಲದ ಕಥೆ ಇಟ್ಟುಕೊಂಡು ಮಲೆನಾಡಿಗೆ ಶೂಟಿಂಗ್‌ಗೆ ಬರುವವರಿಗೂ ಇದೇ ಆಸೆ. ಆಸೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಬೇಕೆಂದರೆ ಆ ರೈಲು ಏನು, ಹೇಗೆ ನಡೆಯುತ್ತಿತ್ತು ಅನ್ನುವುದು ಮೊದಲು ಗೊತ್ತಾಗಬೇಕು.

ಆಗ ಅದು ‘ಹಳೇ ರೈಲು’ ಆಗಿರಲಿಲ್ಲ

ಒಂದು ವಿಷಯ ನಾವು ಮರೆತುಬಿಡುತ್ತೇವೆ. 1980ರ ದಶಕದಲ್ಲಿ ಕಲ್ಲಿದ್ದಲು ಇಂಜಿನ್ ಹುಡುಕಿಕೊಂಡು ಹೋಗಬೇಕಾದ ವಸ್ತುವಾಗಿರಲಿಲ್ಲ. ದೇಶದ ಎಷ್ಟೋ ಮೀಟರ್ ಗೇಜ್ ದಾರಿಗಳಲ್ಲಿ, ಅಂದರೆ ಹಳಿಗಳ ನಡುವೆ ಅಂತರ ಕಡಿಮೆ ಇರುವ ದಾರಿಗಳಲ್ಲಿ, ದಿನನಿತ್ಯದ ಪ್ಯಾಸೆಂಜರ್ ಗಾಡಿಯನ್ನು ಇನ್ನೂ ಅದೇ ಎಳೆಯುತ್ತಿತ್ತು. ನೀರು ತುಂಬುವ ಕಂಬ, ಕಲ್ಲಿದ್ದಲಿನ ರಾಶಿ, ಕೆಲಸ ಬಲ್ಲ ಡ್ರೈವರ್, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಎಲ್ಲ ಇದ್ದರು. ಶೂಟಿಂಗ್‌ನವರಿಗೆ ಬೇಕಾದದ್ದು ಅನುಮತಿ ಮತ್ತು ಒಳ್ಳೆಯ ಬೆಳಕು.

ಭಾರತದ ಕೊನೆಯ ಬ್ರಾಡ್ ಗೇಜ್ (ಅಗಲ ಹಳಿಯ) ಉಗಿ ಇಂಜಿನ್ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂದದ್ದು 1970ರಲ್ಲಿ. ಮೀಟರ್ ಗೇಜ್‌ನದು 1972ರಲ್ಲಿ. ಅಂದರೆ 1986ರಲ್ಲಿ ಕೆಲವು ಇಂಜಿನ್‌ಗಳಿಗೆ ಹದಿನೈದು ವರ್ಷವೂ ತುಂಬಿರಲಿಲ್ಲ. ಮುಂದಿನ ಹತ್ತು, ಹದಿನೈದು ವರ್ಷಗಳಲ್ಲಿ ಡೀಸೆಲ್, ವಿದ್ಯುತ್ ಇಂಜಿನ್‌ಗಳು ಎಲ್ಲ ಕಡೆ ಬಂದವು. ಉಗಿ ಇಂಜಿನ್‌ಗಳು ಸಾಲುಸಾಲಾಗಿ ಗುಜರಿ ಸೇರಿದವು. ಉಳಿದವು ಕೆಲವೇ ಕೆಲವು.

ಆ ಉಳಿದವುಗಳಲ್ಲೂ ಎರಡು ಬಗೆ. ಒಂದು, ನಿಲ್ದಾಣದ ಮುಂದೆ ಬಣ್ಣ ಹೊಡೆದು ನಿಲ್ಲಿಸಿಟ್ಟದ್ದು. ನೋಡಲು ಚೆನ್ನಾಗಿರುತ್ತದೆ, ಆದರೆ ಒಳಗಿನ ಕೊಳವೆಗಳು ತುಕ್ಕು ಹಿಡಿದಿರುತ್ತವೆ. ಬೆಂಕಿ ಹಾಕುವ ಹಾಗಿಲ್ಲ. ಇನ್ನೊಂದು, ಇವತ್ತಿಗೂ ಬೆಂಕಿ ಹಾಕಿ ಓಡಿಸಬಹುದಾದದ್ದು. ಸಿನಿಮಾದವರಿಗೆ ಬೇಕಾದದ್ದು ಈ ಎರಡನೆಯದು. ಹರಿಯಾಣದ ರೇವಾರಿ ಶೆಡ್‌ನಲ್ಲಿ ಇಂಥವನ್ನು ಸುಸ್ಥಿತಿಯಲ್ಲಿ ಇಟ್ಟಿದ್ದಾರೆ. ಅಲ್ಲಿನ ‘ಅಕ್ಬರ್’ ಅನ್ನೋ ಇಂಜಿನ್ ಹಲವು ಹಿಂದಿ ಸಿನಿಮಾಗಳಲ್ಲಿ ಕಾಣಿಸಿಕೊಂಡಿದೆ.

ಉಗಿ ಗಾಲಿಯನ್ನು ತಿರುಗಿಸುವುದು ಹೇಗೆ?

ನಮ್ಮ ಕಡೆ ಬಚ್ಚಲುಮನೆಯ ಹಂಡೆ ಎಲ್ಲರಿಗೂ ಗೊತ್ತು. ಕೆಳಗೆ ಒಲೆ, ಮೇಲೆ ನೀರು. ಹಂಡೆಗೆ ಬೆಂಕಿ ತಾಗುವುದು ತಳದಲ್ಲಿ ಮಾತ್ರ. ಹಾಗಾಗಿ ನೀರು ಕಾಯಲು ಹೊತ್ತು ಹಿಡಿಯುತ್ತದೆ. ಇಂಜಿನ್ನಿನ ಬಾಯ್ಲರ್‌ನಲ್ಲಿ ಈ ಕೊರತೆ ಇಲ್ಲ. ಡ್ರೈವರ್ ನಿಲ್ಲುವ ಜಾಗದ ಎದುರಿಗೇ ಬೆಂಕಿಗೂಡು. ಅಲ್ಲಿಂದ ಮುಂದಿನ ಹೊಗೆಗೂಡಿನವರೆಗೆ ನೂರಕ್ಕೂ ಹೆಚ್ಚು ಕೊಳವೆಗಳು ನೀರಿನ ನಡುವೆ ಉದ್ದಕ್ಕೂ ಹೋಗುತ್ತವೆ. ಬೆಂಕಿಯ ಬಿಸಿಗಾಳಿ ಅವುಗಳ ಒಳಗೆ ಹರಿಯುತ್ತದೆ. ನೀರಿಗೆ ಎಲ್ಲ ಕಡೆಯಿಂದ ಶಾಖ ತಾಗುತ್ತದೆ.

ನೀರು ಉಗಿಯಾದರೆ ಬಯಲಲ್ಲಿ ಸುಮಾರು 1,600 ಪಟ್ಟು ಜಾಗ ಬೇಕಾಗುತ್ತದೆ. ಮುಚ್ಚಿದ ಬಾಯ್ಲರ್‌ನಲ್ಲಿ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಒತ್ತಡ ಏರುತ್ತದೆ. ಮೀಟರ್ ಗೇಜ್‌ನಲ್ಲಿ ಹೆಸರು ಮಾಡಿದ ವೈಪಿ ಮಾದರಿಯ ಇಂಜಿನ್‌ಗಳಲ್ಲಿ ಇದು ಚದರ ಸೆಂಟಿಮೀಟರಿಗೆ 14ರಿಂದ 15 ಕಿಲೋ. ಡ್ರೈವರ್ ರೆಗ್ಯುಲೇಟರ್ ಹಿಡಿ ಎಳೆದಾಗ ಈ ಉಗಿ ಮುಂದಿನ ಸಿಲಿಂಡರ್‌ಗಳಿಗೆ ನುಗ್ಗುತ್ತದೆ. ಅಲ್ಲಿ ಪಿಸ್ಟನ್ ಹಿಂದೆ ಮುಂದೆ ಓಡಾಡುತ್ತದೆ. ಪಿಸ್ಟನ್ನಿಗೆ ಸೇರಿದ ಉದ್ದದ ಕಬ್ಬಿಣದ ತೋಳು ಗಾಲಿಯನ್ನು ತಿರುಗಿಸುತ್ತದೆ.

ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇರುತ್ತದೆ. ನನಗೆ ಬಹಳ ಇಷ್ಟವಾದದ್ದು ಇದರ ಮುಂದಿನ ಭಾಗ. ಕೆಲಸ ಮುಗಿಸಿದ ಉಗಿ ಸುಮ್ನೆ ಹೊರಗೆ ಹೋಗುವುದಿಲ್ಲ. ಹೊಗೆಗೂಡಿನಲ್ಲಿ ಚಿಮಣಿಯ ನೇರ ಕೆಳಗೆ ಒಂದು ಕಿರಿದಾದ ಬಾಯಿ ಇರುತ್ತದೆ. ಉಗಿ ಅದರಿಂದ ರಭಸವಾಗಿ ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮುವಾಗ ಹೊಗೆಗೂಡಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಖಾಲಿ ತುಂಬಲು ಕೊಳವೆಗಳಿಂದ ಬಿಸಿಗಾಳಿ ಬರಬೇಕು, ಕೊಳವೆಗೆ ಬೆಂಕಿಗೂಡಿನಿಂದ ಬರಬೇಕು, ಬೆಂಕಿಗೂಡಿಗೆ ಹೊರಗಿನ ಹೊಸ ಗಾಳಿ ಬರಬೇಕು. ಬೆಂಕಿ ಧಗಧಗ ಅನ್ನುತ್ತದೆ. ಇಂಜಿನ್ ಜಾಸ್ತಿ ಕೆಲಸ ಮಾಡಿದಷ್ಟೂ ಉಗಿ ಜಾಸ್ತಿ ಚಿಮ್ಮುತ್ತದೆ, ಬೆಂಕಿಯೂ ಅಷ್ಟೇ ಜೋರಾಗಿ ಉರಿಯುತ್ತದೆ. ಏರು ಹತ್ತುವ ಹೊತ್ತಿಗೆ ಬೇಕಾದ ಉರಿಯನ್ನು ಇಂಜಿನ್ ತಾನೇ ಊದಿಕೊಳ್ಳುತ್ತದೆ.

ನಾವು ಬಾಯಲ್ಲಿ ಹೇಳುವ ‘ಚುಕುಬುಕು’ ಇದರದೇ ಸದ್ದು. ಎರಡು ಸಿಲಿಂಡರ್, ಪ್ರತಿಯೊಂದರಲ್ಲೂ ಪಿಸ್ಟನ್ನಿಗೆ ಎರಡೂ ಬದಿಯಿಂದ ಉಗಿಯ ಒತ್ತು. ಹಾಗಾಗಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸಲ ಉಗಿ ಚಿಮ್ಮುತ್ತದೆ. ರೈಲು ಹೊರಡುವಾಗ ನಿಧಾನವಾಗಿ ಎಣಿಸಬಹುದು. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಹತ್ತು ಸಲ ‘ಚುಕ್’ ಅನ್ನುವ ದೃಶ್ಯ ಕಂಡರೆ ಸದ್ದನ್ನು ಆಮೇಲೆ ಸೇರಿಸಿದ್ದಾರೆ ಎಂದು ತಿಳಿಯಿರಿ.

ಮಳೆಗಾಲದಲ್ಲಿ ಒದ್ದೆ ಹಳಿಯ ಮೇಲೆ ಗಾಲಿ ಜಾರಿದರೆ ಈ ಲಯ ಒಮ್ಮೆಲೇ ಓಡತೊಡಗುತ್ತದೆ. ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಅದಕ್ಕೇ ಇಂಜಿನ್ನಿನಲ್ಲಿ ಒಣ ಮರಳಿನ ಪೆಟ್ಟಿಗೆ ಇರುತ್ತದೆ. ಅದರಿಂದ ಬಂದ ಸಣ್ಣ ಕೊಳವೆ ಗಾಲಿಯ ಮುಂದೆ ಹಳಿಯ ಮೇಲೆ ಮರಳು ಉದುರಿಸುತ್ತದೆ.

ಬಿಳಿ ಯಾವುದು, ಕಪ್ಪು ಯಾವುದು?

ತೆರೆಯ ಮೇಲೆ ಹೊಗೆ ಅಂತ ಕಾಣುವುದೆಲ್ಲ ಹೊಗೆಯಲ್ಲ. ಬೆಳ್ಳಗೆ ಹರಡುವುದು ಉಗಿ ತಣ್ಣಗಾಗಿ ಆದ ಹನಿಗಳು. ಬೇಸಿಗೆಯ ಮಧ್ಯಾಹ್ನ ಇದು ಬೇಗ ಕರಗಿಹೋಗುತ್ತದೆ. ಚಳಿಗಾಲದ ಬೆಳಗ್ಗೆ ದಟ್ಟವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಛಾಯಾಗ್ರಾಹಕರು ಮುಂಜಾನೆಯನ್ನೇ ಕೇಳುವುದಕ್ಕೆ ಇದೂ ಒಂದು ಕಾರಣ.

ಕಪ್ಪು ಹೊಗೆ ಅಂದರೆ ಕಲ್ಲಿದ್ದಲು ಪೂರ್ತಿ ಉರಿದಿಲ್ಲ ಅಂತ ಅರ್ಥ. ಒಳ್ಳೆಯ ಫೈರ್‌ಮನ್ ಹೊಗೆ ಕಡಿಮೆ ಬರುವ ಹಾಗೆ ನೋಡಿಕೊಳ್ಳುತ್ತಾನೆ. ಹೊಗೆ ಜಾಸ್ತಿಯಾದಷ್ಟೂ ಇದ್ದಿಲು ದಂಡ ತಾನೇ? ಆದರೆ ಕ್ಯಾಮೆರಾಕ್ಕೆ ಕಪ್ಪು ಹೊಗೆ ಬೇಕು. ಆಗ ಬೇಕೆಂದೇ ಒಂದಿಷ್ಟು ಇದ್ದಿಲು ಜಾಸ್ತಿ ಹಾಕಿ, ಗಾಳಿ ಬರುವ ದಾರಿ ಸ್ವಲ್ಪ ಮುಚ್ಚುತ್ತಾರೆ.

ರೈಲು ಹೊರಡುವ ಕ್ಷಣದಲ್ಲಿ ಗಾಲಿಗಳ ಹತ್ತಿರದಿಂದ ಎರಡೂ ಪಕ್ಕಕ್ಕೆ ಉಗಿ ಬುಸ್ಸೆಂದು ಬರುವುದನ್ನು ನೋಡಿರುತ್ತೀರಿ. ಅದು ಚಂದಕ್ಕೆ ಮಾಡಿದ್ದಲ್ಲ. ನಿಂತ ಇಂಜಿನ್ನಿನ ಸಿಲಿಂಡರ್‌ನಲ್ಲಿ ಉಗಿ ತಣಿದು ನೀರಾಗಿರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಪಿಸ್ಟನ್ ಅದಕ್ಕೆ ಬಡಿದರೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಹಾಗಾಗಿ ಹೊರಡುವಾಗ ಕೆಳಗಿನ ನಲ್ಲಿಗಳನ್ನು ತೆರೆದು ನೀರನ್ನು ಹೊರದಬ್ಬುತ್ತಾರೆ. ಸಿನಿಮಾದಲ್ಲಿ ನಾಯಕ ಆ ಬಿಳಿ ಮೋಡದೊಳಗಿಂದ ನಡೆದು ಬರುತ್ತಾನೆ, ಅಷ್ಟೇ.

ಒಂದು ಟೇಕ್‌ನ ಹಿಂದೆ

ಉಗಿ ಇಂಜಿನ್ನಿಗೆ ಸ್ವಿಚ್ ಇಲ್ಲ. ತಣ್ಣಗಿರುವ ಬಾಯ್ಲರ್‌ಗೆ ಒಮ್ಮೆಲೇ ಜೋರು ಬೆಂಕಿ ಹಾಕಿದರೆ ಕಬ್ಬಿಣ ಒಂದೊಂದು ಕಡೆ ಒಂದೊಂದು ಥರ ಹಿಗ್ಗುತ್ತದೆ, ಕೊಳವೆಗಳ ಬೆಸುಗೆ ಸಡಿಲವಾಗಿ ಸೋರುತ್ತದೆ. ಹಾಗಾಗಿ ಬೆಳಗ್ಗೆ ಶೂಟಿಂಗ್ ಇದ್ದರೆ ಹಿಂದಿನ ದಿನವೇ ಬೆಂಕಿ ಹಾಕಿ, ರಾತ್ರಿಯೆಲ್ಲ ಮೆಲ್ಲಗೆ ಕಾಯಿಸಬೇಕು.

ಬೆಂಕಿ ಹತ್ತಿದ ಮೇಲೆ ಒಬ್ಬರ ಕಣ್ಣು ಸದಾ ಒಂದು ಗಾಜಿನ ಕೊಳವೆಯ ಮೇಲಿರಬೇಕು. ಗೇಣುದ್ದದ ಆ ಗಾಜಿನಲ್ಲಿ ಬಾಯ್ಲರ್‌ನ ನೀರಿನ ಮಟ್ಟ ಕಾಣುತ್ತದೆ. ಬೆಂಕಿಗೂಡಿನ ಚಾವಣಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಇಳಿದು ಚಾವಣಿ ಬರಿದಾದರೆ ಅದು ಕೆಂಪಗೆ ಕಾದು, ಮೆತ್ತಗಾಗಿ, ಒತ್ತಡಕ್ಕೆ ಕುಸಿಯುತ್ತದೆ. ಬಾಯ್ಲರ್ ಸಿಡಿದ ದೊಡ್ಡ ಅಪಘಾತಗಳಲ್ಲಿ ಎಷ್ಟೋ ಆದದ್ದು ಹೀಗೇ. ಕೊನೆಯ ಕಾವಲಿಗೆ ಅಂತ ಆ ಚಾವಣಿಯಲ್ಲಿ ಒಂದು ಬಿರಡೆ ಇರುತ್ತದೆ. ಅದರ ನಡುವೆ ಸೀಸ. ನೀರು ಇಳಿದರೆ ಮೊದಲು ಸೀಸ ಕರಗಿ, ಆ ತೂತಿನಿಂದ ಉಗಿ ಬೆಂಕಿಗೂಡಿಗೆ ನುಗ್ಗಿ ಎಚ್ಚರಿಸುತ್ತದೆ. ಕೈಬೆರಳಿನಷ್ಟು ಸೀಸ ಇಡೀ ಇಂಜಿನ್ ಕಾಯುತ್ತದೆ ಅಂದರೆ ಆ ಕಾಲದ ಮೆಕ್ಯಾನಿಕ್‌ಗಳ ಬುದ್ಧಿಗೆ ಕೈಮುಗಿಯಬೇಕು.

ಶೂಟಿಂಗ್‌ನಲ್ಲಿ ಇನ್ನೊಂದು ತೊಂದರೆ. ಶಾಟ್‌ಗಳ ನಡುವೆ ಇಂಜಿನ್ ಸುಮ್ನೆ ನಿಂತಿದ್ದರೂ ಬೆಂಕಿ ಉರಿಯುತ್ತಲೇ ಇರುತ್ತದೆ. ಒತ್ತಡ ಮಿತಿ ಮುಟ್ಟಿದರೆ ಸುರಕ್ಷತೆಯ ಕವಾಟ ತಾನಾಗಿ ತೆರೆದು ಭೋರೆನ್ನುತ್ತದೆ. ಹತ್ತಿರ ನಿಂತವರ ಮಾತು ಕೇಳಿಸುವುದೇ ಇಲ್ಲ. ಅದನ್ನು ತಡೆಯಲು ಫೈರ್‌ಮನ್ ಬಾಯ್ಲರ್‌ಗೆ ತಣ್ಣೀರು ಬಿಟ್ಟು ಒತ್ತಡ ಇಳಿಸುತ್ತಾನೆ. ತೀರಾ ಇಳಿದರೆ ಗಾಡಿ ಎಳೆಯಲು ಶಕ್ತಿ ಸಾಲದು. ನಿರ್ದೇಶಕರು ‘ರೆಡಿ’ ಅನ್ನುವ ಹೊತ್ತಿಗೆ ಸರಿಯಾಗಿ ಉಗಿ ತುಂಬಿರಬೇಕು.

‘ಇನ್ನೊಂದು ಟೇಕ್’ ಅಂದರೆ ಇಡೀ ರೈಲು ಹಿಂದಕ್ಕೆ ಹೋಗಬೇಕು. ಗಾರ್ಡ್ ಒಪ್ಪಬೇಕು, ಸಿಗ್ನಲ್ ಬೇಕು, ಆ ಹೊತ್ತಿಗೆ ಆ ಹಳಿಯಲ್ಲಿ ಬೇರೆ ಗಾಡಿ ಇರಬಾರದು. ಇದಕ್ಕೆಲ್ಲ ರೈಲ್ವೆಯ ಅನುಮತಿ ಮೊದಲೇ ಪಡೆದಿರಬೇಕು. ಶೂಟಿಂಗ್ ಒಂದೇ ವಲಯದೊಳಗಾದರೆ ಆ ವಲಯದ ಮುಖ್ಯ ಸಾರ್ವಜನಿಕ ಸಂಪರ್ಕಾಧಿಕಾರಿಯ ಕಚೇರಿಗೆ ಅರ್ಜಿ, ಹಲವು ವಲಯಗಳಾದರೆ ರೈಲ್ವೆ ಮಂಡಳಿಗೆ. ಶುಲ್ಕ, ಠೇವಣಿ, ವಿಮೆ ಬೇರೆ. ಮೇಲೆ ವಿದ್ಯುತ್ ತಂತಿ ಇರುವ ದಾರಿಯಾದರೆ ಬೋಗಿಯ ಛಾವಣಿ ಹತ್ತುವ ಮಾತೇ ಇಲ್ಲ. ಅದರಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ.

ಬೋಗಿ ಸರಿಯಿಲ್ಲದಿದ್ದರೆ ಇಂಜಿನ್ ಇದ್ದೂ ಪ್ರಯೋಜನವಿಲ್ಲ

ನೋಡುವವರ ಕಣ್ಣೆಲ್ಲ ಇಂಜಿನ್ ಮೇಲೆ. ಆದರೆ ಕಥೆ ನಡೆಯುವುದು ಬೋಗಿಯೊಳಗೆ, ಅಲ್ವಾ? ತಪ್ಪುಗಳೂ ಜಾಸ್ತಿ ಆಗುವುದು ಅಲ್ಲೇ.

ಹಳೇ ಕಾಲದ ಬೋಗಿಗಳು ಕಬ್ಬಿಣದ ಅಡಿಗಟ್ಟಿನ ಮೇಲೆ ಮರದ ಮೈ ಹೊತ್ತಿದ್ದವು. ಪೂರ್ತಿ ಉಕ್ಕಿನ ಬೋಗಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಮದ್ರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಬೋಗಿ ಕಾರ್ಖಾನೆ ಶುರುವಾದ ಮೇಲೆ. ಹಳೆಯ ಮೂರನೇ ದರ್ಜೆಯ ಎಷ್ಟೋ ಬೋಗಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿಯೇ ಇರಲಿಲ್ಲ. ಹಾಗಾಗಿ 1930ರ ಕಥೆಯಲ್ಲಿ ಕಳ್ಳನೊಬ್ಬ ಇಡೀ ಗಾಡಿಯ ಉದ್ದಕ್ಕೂ ಒಳಗಿಂದಲೇ ಓಡಿದರೆ ಅನುಮಾನ ಪಡಬಹುದು. ಮೂರನೇ ದರ್ಜೆಯನ್ನು ರೈಲ್ವೆ ತೆಗೆದದ್ದು 1974ರಲ್ಲಿ. ಅದಕ್ಕೂ ಹಿಂದಿನ ಕಥೆಯಾದರೆ ಬೋಗಿಯ ಮೈಮೇಲೆ ಆ ಗುರುತು ಇರಲೇಬೇಕು.

ಹೊರಗೆ ಕಾಣದ ಒಂದು ತೊಡಕು ಬ್ರೇಕಿನದು. ಉಗಿ ಕಾಲದ ನಮ್ಮ ಗಾಡಿಗಳಲ್ಲಿ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ಇಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಒಂದು ಕೊಳವೆ. ಇಂಜಿನ್ ತನ್ನ ಉಗಿಯ ಬಲದಿಂದ ಅದರೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ಒಳಗೆ ಗಾಳಿ ಇಲ್ಲದಿದ್ದಾಗ ಬ್ರೇಕ್ ಸಡಿಲ. ಡ್ರೈವರ್ ಗಾಳಿ ಬಿಟ್ಟರೆ, ಯಾರಾದರೂ ಸರಪಳಿ ಎಳೆದರೆ, ಇಲ್ಲವೇ ಕೊಳವೆ ತುಂಡಾದರೆ ಗಾಳಿ ಒಳನುಗ್ಗಿ ಬ್ರೇಕ್ ಹಿಡಿಯುತ್ತದೆ. ಈಗಿನ ಗಾಡಿಗಳದು ತದ್ವಿರುದ್ಧ. ಕೊಳವೆಯಲ್ಲಿ ಒತ್ತಿ ತುಂಬಿದ ಗಾಳಿ ಇರುತ್ತದೆ, ಅದು ಕಡಿಮೆಯಾದರೆ ಬ್ರೇಕ್ ಹಿಡಿಯುತ್ತದೆ. ಹೀಗಾಗಿ ಹಳೇ ಇಂಜಿನ್ನಿಗೆ ಇಂದಿನ ಬೋಗಿ ಸಿಕ್ಕಿಸಿ ಹೊರಡಲು ಆಗುವುದಿಲ್ಲ. ಒಂದೋ ಹಳೇ ಬೋಗಿಗಳೇ ಬೇಕು, ಇಲ್ಲವೇ ಇಂಜಿನ್ನಿಗೆ ಹೊಸ ಬ್ರೇಕಿನ ಸಾಮಾನು ಜೋಡಿಸಬೇಕು. ಬೋಗಿಯಿಂದ ಬೋಗಿಗೆ ಸಿಕ್ಕಿಸುವ ಕೊಂಡಿಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ.

ಒಳಗಿನ ಮಾತುಕತೆಯ ದೃಶ್ಯಗಳನ್ನು ಮಾತ್ರ ಬಹಳ ಸಲ ನಿಜವಾದ ಬೋಗಿಯಲ್ಲಿ ತೆಗೆಯುವುದಿಲ್ಲ. ಅಲ್ಲಿ ಕ್ಯಾಮೆರಾ ಇಡಲು ಜಾಗ ಎಲ್ಲಿ? ಸ್ಟುಡಿಯೋದಲ್ಲಿ ಗೋಡೆ ಕಳಚಬಹುದಾದ ಬೋಗಿಯ ಸೆಟ್ ಹಾಕುತ್ತಾರೆ. ಸನ್ನೆಗೋಲು ಹಾಕಿ ಮೆಲ್ಲಗೆ ಅಲುಗಾಡಿಸುತ್ತಾರೆ. ಕಿಟಕಿಯ ಹೊರಗೆ ದೀಪ ಹಿಡಿದು ಓಡಾಡಿದರೆ ಮರಗಳ ನೆರಳು ದಾಟಿದ ಹಾಗೆ ಕಾಣುತ್ತದೆ.

ಹಾಗಾದರೆ ಅರಸಾಳಿಗೆ?

ಈಗ ಮೊದಲಿನ ಪ್ರಶ್ನೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ತಾಳಗುಪ್ಪದವರೆಗೆ ಮುಂದುವರಿದದ್ದು 1940ರ ಹೊತ್ತಿಗೆ. ಎಲ್ಲವೂ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ 1,000 ಮಿಲಿಮೀಟರ್. ದೇಶದ ಎಲ್ಲ ಮುಖ್ಯ ದಾರಿಗಳೂ ಒಂದೇ ಅಳತೆಯಲ್ಲಿರಲಿ ಎಂದು 1992ರಲ್ಲಿ ಕೇಂದ್ರ ಸರ್ಕಾರ ಯೋಜನೆ ಹಾಕಿಕೊಂಡಿತು. ಅದರಂತೆ ನಮ್ಮ ದಾರಿಯೂ ಹಂತಹಂತವಾಗಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ತಾಳಗುಪ್ಪದವರೆಗಿನ ಕೆಲಸ ಮುಗಿದದ್ದು 2011ರ ಹೊತ್ತಿಗೆ. ಅದರಿಂದ ಬೆಂಗಳೂರು, ಮೈಸೂರಿಗೆ ನೇರ ಗಾಡಿ ಸಿಕ್ಕಿತು. ಜನರಿಗೆ ಬೇಕಾದ ಕೆಲಸವೇ ಅದು.

ಆದರೆ ಮಾಲ್ಗುಡಿಯ ಕಾಲದ ಮೀಟರ್ ಗೇಜ್ ಇಂಜಿನ್ನಿಗೆ ಈಗ ಅರಸಾಳಿನಲ್ಲಿ ಕಾಲಿಡಲು ಹಳಿಯೇ ಇಲ್ಲ. ಗಾಲಿಗಳ ನಡುವಿನ ಅಂತರ ಹಿಗ್ಗಿಸಿ ಕೂರಿಸುವ ಹಾಗೂ ಇಲ್ಲ. ಇಡೀ ಇಂಜಿನ್ ಆ ಅಳತೆಗೇ ಕಟ್ಟಿದ್ದು. ಉತ್ತರದಿಂದ ಬ್ರಾಡ್ ಗೇಜ್ ಉಗಿ ಇಂಜಿನ್ ತರಿಸಬಹುದು ಅಂತಿಟ್ಟುಕೊಳ್ಳೋಣ. ಸಾವಿರಾರು ಲೀಟರ್ ನೀರು ತುಂಬುವ ವ್ಯವಸ್ಥೆ ದಾರಿಯಲ್ಲಿ ಉಳಿದಿಲ್ಲ. ಒಪ್ಪುವ ಬೋಗಿ, ಕೆಲಸ ಬಲ್ಲ ಜನ ಎಲ್ಲರನ್ನೂ ಜೊತೆಗೇ ಕರೆತರಬೇಕು. ಇಷ್ಟೆಲ್ಲ ಆದರೂ ಬರುವುದು ದೊಡ್ಡ ಗಾತ್ರದ ಬೇರೆಯದೇ ರೈಲು. ಈ ಕಾಡಿನಲ್ಲಿ ಓಡಾಡಿದ ಸಣ್ಣ ಗಾಡಿ ಅಲ್ಲ.

ಸಿನಿಮಾದವರು ಇದಕ್ಕೆ ಕಂಡುಕೊಂಡ ದಾರಿ ಸರಳ. ಊರು ಒಂದು ಕಡೆ, ರೈಲು ಇನ್ನೊಂದು ಕಡೆ. ‘ಶೋಲೆ’ಯ ಹಳ್ಳಿ ನಮ್ಮ ರಾಮನಗರದ ಬಂಡೆಗಳ ನಡುವೆ ಇತ್ತು. ಅದರ ರೈಲು ದರೋಡೆ ತೆಗೆದದ್ದು ಮಹಾರಾಷ್ಟ್ರದ ಪನ್ವೇಲ್ ಹತ್ತಿರ. ನೋಡುವವರಿಗೆ ಎರಡೂ ಒಂದೇ ಸೀಮೆ. ಇವತ್ತು ಮಲೆನಾಡಿನ ಹಳೇ ಕಥೆ ತೆಗೆಯುವವರೂ ಹೀಗೇ ಮಾಡಬೇಕಾಗುತ್ತದೆ. ಅರಸಾಳಿನಲ್ಲಿ ನಿಲ್ದಾಣ, ರೇವಾರಿಯಲ್ಲೋ ನೀಲಗಿರಿಯಲ್ಲೋ ಇಂಜಿನ್. ಒಂದೇ ಕಾಡು, ಒಂದೇ ಹಳಿ, ಆ ದಾರಿಯದೇ ಗಾಡಿ, ಎಲ್ಲ ಒಟ್ಟಿಗೆ ಸಿಕ್ಕಿದ್ದು ಶಂಕರ್ ನಾಗ್ ಅವರ ಕಾಲಕ್ಕೆ. ಮ್ಯೂಸಿಯಂ ಪಕ್ಕದಲ್ಲಿ ನಾಲ್ಕು ಮಾರು ಮೀಟರ್ ಗೇಜ್ ಹಳಿ ಹಾಕಿ, ಆ ಕಾಲದ ಒಂದು ಬೋಗಿಯನ್ನು ಒಳಗಿನ ಮರದ ಬೆಂಚಿನ ಸಮೇತ ಇಟ್ಟರೆ ಮಕ್ಕಳಿಗೂ ಉಪಯೋಗ, ಶೂಟಿಂಗ್‌ನವರಿಗೂ ಉಪಯೋಗ ಅನ್ನುವುದು ನನ್ನ ಅಭಿಪ್ರಾಯ.

ಒಂದೇ ಇಂಜಿನ್ನಿಗೆ ಹಲವು ವೇಷ

ಹೊರದೇಶಗಳಲ್ಲೂ ಓಡುವ ಇಂಜಿನ್ ಕಡಿಮೆ, ಕೇಳುವವರು ಜಾಸ್ತಿ. ಹಾಗಾಗಿ ಒಂದಕ್ಕೇ ಬೇರೆ ಬೇರೆ ವೇಷ ಹಾಕುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಸಿಯೆರಾ ನಂಬರ್ 3’ ಅನ್ನೋ ಇಂಜಿನ್ ಇದೆ. 1891ರಲ್ಲಿ ಕಟ್ಟಿದ್ದು. ಬೇರೆ ಚಿಮಣಿ, ಬೇರೆ ದೀಪ, ಬೇರೆ ನಂಬರು ಹಾಕಿಕೊಂಡು ಅದು ಹತ್ತಾರು ಸಿನಿಮಾ, ಟಿವಿ ಸರಣಿಗಳಲ್ಲಿ ನಟಿಸಿದೆ. ‘ಹ್ಯಾರಿ ಪಾಟರ್’ ಸಿನಿಮಾಗಳ ಕೆಂಪು ಇಂಜಿನ್ನಿನ ನಿಜವಾದ ಹೆಸರು ‘ಓಲ್ಟನ್ ಹಾಲ್’. 1937ರಲ್ಲಿ ಅದನ್ನು ಕಟ್ಟಿಸಿದ ಕಂಪನಿಯ ಇಂಜಿನ್‌ಗಳ ಬಣ್ಣ ಹಸಿರು. ಕೆಂಪು ಬಳಿದದ್ದು ಸಿನಿಮಾಕ್ಕಾಗಿ.

ನಮ್ಮಲ್ಲಿ ಗಮನಿಸಬೇಕಾದ ಗುರುತು ಒಂದಿದೆ. ಮೂತಿ ಗುಂಡಿನ ಹಾಗೆ ಚೂಪಾಗಿದ್ದು, ನಡುವೆ ನಕ್ಷತ್ರ ಇರುವ ದೊಡ್ಡ ಇಂಜಿನ್ ಕಂಡರೆ ಅದು ಡಬ್ಲ್ಯುಪಿ ಮಾದರಿ. ಅದು ಭಾರತಕ್ಕೆ ಬಂದದ್ದೇ 1947ರಲ್ಲಿ. ಉಪ್ಪಿನ ಸತ್ಯಾಗ್ರಹದ ಕಾಲದ ಕಥೆಯಲ್ಲಿ ಅದು ಬಂದರೆ ಕಾಲ ತಪ್ಪಿದೆ ಅಂತಲೇ ಲೆಕ್ಕ.

ನೋಡಬೇಕೆಂದರೆ

ಬೋಗಿ ನೋಡಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ. 1979ರಲ್ಲಿ ಶುರುವಾದದ್ದು. ಮೈಸೂರು ಅರಸರ ಕಾಲದ ಮಹಾರಾಣಿ ಸಲೂನ್ ಅಲ್ಲಿದೆ. ಓಡುವ ಬೋಗಿಯೊಳಗೆ ಅಡುಗೆಮನೆ, ಮಲಗುವ ಕೋಣೆ ಹೇಗೆ ಹೊಂದಿಸುತ್ತಿದ್ದರು ಅನ್ನುವುದು ಅಲ್ಲಿ ತಿಳಿಯುತ್ತದೆ.

ಜೀವಂತ ಉಗಿ ಇಂಜಿನ್ ನೋಡಲು ನಮಗೆ ಹತ್ತಿರದ ಜಾಗ ನೀಲಗಿರಿ. ಅದೂ ಮೀಟರ್ ಗೇಜೇ. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಉಗಿ ಇಂಜಿನ್, ಅಲ್ಲಿಂದ ಊಟಿಗೆ ಡೀಸೆಲ್. ಹಾಗಾಗಿ ಊಟಿಯಿಂದ ಕೂನೂರಿಗೆ ಮಾತ್ರ ಟಿಕೆಟ್ ತೆಗೆದರೆ ಉಗಿ ಇಂಜಿನ್ನಿನ ಪಯಣ ಸಿಗುವುದಿಲ್ಲ. ಕೆಳಗಿನ ದಾರಿಯಲ್ಲಿ 12 ಅಡಿ ಹೋದರೆ ಒಂದು ಅಡಿ ಏರುವಷ್ಟು ಕಡಿದು. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಇಂಜಿನ್ನಿನ ಕೆಳಗಿನ ಹಲ್ಲುಗಾಲಿ ಅದನ್ನು ಕಚ್ಚಿ ಹತ್ತುತ್ತದೆ. ಇಂಜಿನ್ ಇರುವುದು ಹಿಂದೆ, ಬೋಗಿಗಳನ್ನು ತಳ್ಳುತ್ತದೆ. ಮೆಟ್ಟುಪಾಳ್ಯದಿಂದ ಹತ್ತುವುದಾದರೆ ಹಿಂದಿನ ಬೋಗಿಯಲ್ಲಿ ಕೂತುಕೊಳ್ಳಿ. ನೀರು ತುಂಬಲು ನಿಲ್ಲಿಸಿದಾಗ ಇಳಿದು ಗಾಜಿನ ಕೊಳವೆ, ಮರಳಿನ ಪೆಟ್ಟಿಗೆ, ಬ್ರೇಕಿನ ಕೊಳವೆ ಎಲ್ಲೆಲ್ಲಿವೆ ಎಂದು ಹುಡುಕಿ. ಕೇಳಿದರೆ ಇಂಜಿನ್ನಿನವರು ತೋರಿಸಿಯಾರು.